ತಿಳಿಹಸಿರು ಹುಡುಗಿಯ ಉಸಿರು

ಆ ಹಾಡನ್ನು ಹನ್ನೊಂದು ಹುಡುಗಿಯರು ಸೇರಿ ಹಾಡಿದ್ದರು. ಹುಡುಗಿಯರ ಹಾಡಿನ ತಂಡಗಳನ್ನು ಕಟ್ಟಿ ನಡೆಸುವ ಕಂಪನಿಗಳು ಜಪಾನಿನಲ್ಲಿವೆ. ಅಂಥ ಒಂದು ಕಂಪನಿ ತನ್ನ ನಾಲ್ಕೈದು ತಂಡಗಳಿಂದ ಇಬ್ಬರು ಮೂವರಂತೆ ಹೆಕ್ಕಿ, ಒಂದು ಬೇಸಿಗೆಗೆ ಮಾತ್ರ ಅಂತ ಹೊಸ ತಂಡ ಮಾಡಿ, ಒಂದೇ ಒಂದು ಹಾಡು ಹಾಡಿಸಿ ಸಿಡಿ ತಂದಿತ್ತು. ಬೇಸಿಗೆ ಮುಗಿದ ಮೇಲೆ ಹುಡುಗಿಯರು ತಂತಮ್ಮ ತಂಡಕ್ಕೆ ವಾಪಸ್ಸು. ಇಷ್ಟೆಲ್ಲ ನನಗೆ ಯಾಕೆ ಗೊತ್ತು ಅಂದರೆ, ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಹಾಡು ದಿನಕ್ಕೆ ನಾಲ್ಕು ಸಲಕ್ಕೆ ಕಡಿಮೆಯಿಲ್ಲದಂತೆ ನಾಲ್ಕೈದು ತಿಂಗಳು ಮೊಳಗಿತು. ಇವತ್ತಿಗೂ ಅದರ ಒಂದು ಪದದ ಅರ್ಥ ನನಗೆ ತಿಳಿಯದು. ಆದರೆ ಮೊದಲಿಂದ ಕೊನೆಯವರೆಗೆ ಗುನುಗಬಲ್ಲೆ.

ಇಸವಿ ಎರಡು ಸಾವಿರವಾದ ಕೂಡಲೇ ಕಂಪ್ಯೂಟರೆಲ್ಲ ಕೆಟ್ಟು ನಿಲ್ಲುತ್ತವೆ ಅನ್ನುವ ವೈಟುಕೆ ಗುಮ್ಮ ಬಂದು ಯಾರಿಗೂ ಏನೂ ಮಾಡದೆ ಹೋದ ವರ್ಷ ಅದು. ನನ್ನ ಗಂಡ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಪ್ರೋಗ್ರಾಮ್ ಬರೆಯುತ್ತಿದ್ದರು. ಬೆಳಿಗ್ಗೆ ಸೇತುವೆ ದಾಟುವ ಬಸ್ಸು ಹತ್ತಿದರೆ ಸಂಜೆ ಅದೇ ಬಸ್ಸಿನಲ್ಲಿ ಇಳಿಯುವುದು. ನನ್ನದು ಎಚ್-ಫೋರ್ ವೀಸಾ. ಅಂದರೆ ಅಡುಗೆ ಮಾಡಬಹುದು, ಬಟ್ಟೆ ಒಗೆಯಬಹುದು, ಹೊರಗೆ ದುಡಿಯುವ ಹಾಗಿಲ್ಲ. ಮೈಸೂರಿನಲ್ಲಿ ಹನ್ನೊಂದು ವರ್ಷ ಸಂಗೀತ ಕಲಿತು, ನಾಲ್ಕು ಕಡೆ ಕಛೇರಿ ಮಾಡಿ, ಇಪ್ಪತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನು. ಇಲ್ಲಿಗೆ ಬಂದ ಮೇಲೆ ನನ್ನ ಪಾಠಕ್ಕೆ ಸಿಕ್ಕವಳು ಮಗಳೊಬ್ಬಳೇ. ಇಪ್ಪತ್ತು ಮಕ್ಕಳಿಗೆ ಹಂಚಿಹೋಗುತ್ತಿದ್ದ ಗದರಿಕೆಯೆಲ್ಲ ಪಾಪ ಅವಳೊಬ್ಬಳ ತಲೆಯ ಮೇಲೆ ಬೀಳತೊಡಗಿತು.

ಒಂಬತ್ತು ವರ್ಷದ ಹುಡುಗಿ. ಸರಳೆವರಸೆ ಹೇಳು ಅಂದರೆ ಹೊಟ್ಟೆನೋವು ಬರುತ್ತಿತ್ತು. ಶ್ರುತಿಪೆಟ್ಟಿಗೆ ತೆಗೆದರೆ ಹೋಮ್‌ವರ್ಕ್ ನೆನಪಾಗುತ್ತಿತ್ತು. ಕೂತರೂ ಬಾಯಿ ಬಿಟ್ಟು ಹಾಡುತ್ತಿರಲಿಲ್ಲ, ನನ್ನ ದನಿಯ ಹಿಂದೆ ಅಡಗಿಕೊಂಡು ತುಟಿ ಆಡಿಸುತ್ತಿದ್ದಳು. ಇವಳಿಗೆ ಸಂಗೀತ ಒಲಿದಿಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ತೀರ್ಮಾನ ಮಾಡುವುದರಲ್ಲಿ ನಾನು ಯಾವತ್ತೂ ತಡಮಾಡಿದವಳಲ್ಲ.

ಮಗಳ ವಯಸ್ಸಿನ ಒಬ್ಬ ಜಪಾನಿ ಹುಡುಗಿ ನಮ್ಮ ಕಟ್ಟಡದಲ್ಲೇ ಇದ್ದಳು; ಅವಳು ನಮ್ಮ ಮನೆಗೆ ಬರುವಂತಾದದ್ದು ನೆಲಮಾಳಿಗೆಯ ಲಾಂಡ್ರಿ ರೂಮಿನ ದೆಸೆಯಿಂದ. ನಾವು ಒಂಬತ್ತನೇ ಮಹಡಿ, ಅವರು ಹನ್ನೊಂದು. ಅವಳ ಅಪ್ಪನನ್ನು ಅವರ ಕಂಪನಿ ಮೂರು ವರ್ಷಕ್ಕೆ ಅಂತ ಕಳಿಸಿತ್ತು. ಅವಳ ಅಮ್ಮನಿಗೆ ಇಂಗ್ಲಿಷ್ ಕಷ್ಟ, ನನಗೆ ಅವರ ಇಂಗ್ಲಿಷ್ ಕಷ್ಟ. ಆದರೂ ಡ್ರೈಯರ್ ತಿರುಗುತ್ತಿದ್ದ ಮುಕ್ಕಾಲು ಗಂಟೆ ಎದುರುಬದುರು ಕೂತು ಬಟ್ಟೆ ಮಡಿಸುತ್ತ ಸ್ನೇಹಿತರಾದೆವು. ಆಕೆ ಮಡಿಸಿದ ಟವೆಲ್ಲುಗಳು ಅಂಗಡಿಯಲ್ಲಿ ಜೋಡಿಸಿಟ್ಟಂತೆ ಇರುತ್ತಿದ್ದವು. ನಾನು ನಾಚಿಕೊಂಡು ನನ್ನ ಸೀರೆಯನ್ನು ಎರಡು ಸಲ ಮಡಿಸುತ್ತಿದ್ದೆ. ಮಕ್ಕಳಿಬ್ಬರೂ ಶಾಲೆಯಲ್ಲಿ ಒಂದೇ ಕ್ಲಾಸು ಅಂತ ಗೊತ್ತಾದ ಮೇಲೆ, ಮೂರು ಗಂಟೆಯ ನಂತರ ಇಬ್ಬರೂ ನಮ್ಮ ಮನೆಯಲ್ಲೇ. ನಮ್ಮ ಚಕ್ಕುಲಿ ಆ ಹುಡುಗಿಗೆ ಪ್ರಾಣ. ಮಗಳು ಉಳಿದ ಹೆಂಗಸರನ್ನೆಲ್ಲ ಹಾಗೆ ಕರೆಯುವುದು ಕೇಳಿ ಅವಳೂ ನನ್ನನ್ನು ಆಂಟಿ ಅನ್ನತೊಡಗಿದಳು.

ಪಕ್ಕದ ಊರು ಎಜ್‌ವಾಟರಿನಲ್ಲಿ ನದಿಯ ದಂಡೆಗೆ ಜಪಾನಿಯರ ದೊಡ್ಡ ಅಂಗಡಿಯೊಂದಿತ್ತು. ಅದರ ಪುಸ್ತಕದ ಮಳಿಗೆಯಲ್ಲಿ ಅವಳ ಅಮ್ಮ ಕೊಡಿಸಿದ್ದು ಆ ಸಿಡಿ. ಜೊತೆಯಲ್ಲಿ ಮಡಿಸಿಟ್ಟ ಒಂದು ಹಾಳೆ. ಬಿಡಿಸಿದರೆ ಒಂದು ಕಡೆ ಹನ್ನೊಂದು ಹುಡುಗಿಯರ ಫೋಟೋ, ಒಬ್ಬೊಬ್ಬಳದು ಒಂದೊಂದು ಬಣ್ಣದ ಲಂಗ. ಇನ್ನೊಂದು ಕಡೆ ಹಾಡು. ಯಾವ ಸಾಲು ಯಾರು ಹಾಡುತ್ತಾರೋ ಆ ಸಾಲು ಅವಳ ಲಂಗದ ಬಣ್ಣದಲ್ಲೇ ಅಚ್ಚಾಗಿತ್ತು. ಕೆಂಪು ಮತ್ತು ನೀಲಿ ಹುಡುಗಿಯರಿಗೆ ಮೂರು ಮೂರು ಸಾಲು, ಉಳಿದವರಿಗೆ ಎರಡು, ಒಂದೂವರೆ. ಎಡತುದಿಯಲ್ಲಿ ಹಿಂದೆ ನಿಂತ ತಿಳಿಹಸಿರು ಹುಡುಗಿಗೆ ಮಾತ್ರ ಒಂದೇ ಸಾಲು, ಅದೂ ಹಾಳೆಯ ಕೊನೆಯಲ್ಲಿ. ಅವಳು ಎಲ್ಲಕ್ಕಿಂತ ಚಿಕ್ಕ ತಂಡದಿಂದ ಬಂದವಳಂತೆ, ಅಷ್ಟೇನೂ ಹೆಸರಾದವಳಲ್ಲವಂತೆ. ಮಕ್ಕಳು ಅವರನ್ನೆಲ್ಲ ಬಣ್ಣದಿಂದಲೇ ಕರೆಯುತ್ತಿದ್ದರು, ಹಾಗಾಗಿ ನನಗೂ ಅವರು ಬಣ್ಣಗಳೇ.

ಹಾಡು ಹಾಕಿದಾಗ ಇಬ್ಬರೂ ಸೋಫಾದ ಮೇಲೆ ಹತ್ತಿ ಕುಣಿಯುತ್ತಿದ್ದರು. ನಾನು ಅಡುಗೆಮನೆಯಿಂದ ಕೂಗಿಕೊಳ್ಳುತ್ತಿದ್ದೆ. ಕೆಂಪು, ನೀಲಿ, ಹಳದಿ ಎಲ್ಲ ಬಂದು ಹೋಗುವ ತನಕ ಒಂದೇ ಗದ್ದಲ. ಆದರೆ ಕೊನೆಯ ಪಲ್ಲವಿಗೆ ಮುಂಚೆ ವಾದ್ಯವೆಲ್ಲ ತಟ್ಟನೆ ನಿಂತುಬಿಡುತ್ತಿತ್ತು. ಆಗ ಇವರೂ ಕುಣಿತ ನಿಲ್ಲಿಸಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ನಿಶ್ಶಬ್ದದಲ್ಲಿ ತಿಳಿಹಸಿರು ಹುಡುಗಿ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಮೇಲೆ ಅವಳ ಸಾಲು, ತೆಳ್ಳಗೆ, ಸ್ವಲ್ಪ ನಡುಗುತ್ತ. ಅದು ಮುಗಿದ ಕೂಡಲೇ ಮತ್ತೆ ಹನ್ನೊಂದೂ ಜನರ ಗಲಾಟೆ, ಸೋಫಾದ ಸ್ಪ್ರಿಂಗಿನ ಗಲಾಟೆ.

ಒಂದು ದಿನ ತಡೆಯಲಾರದೆ ನನ್ನ ಸಂಗೀತದ ತಲೆ ಹೊರಗೆ ಹಾಕಿದೆ. ಹಾಡುವವರ ಉಸಿರು ಕೇಳಿಸಬಾರದು, ಅದು ತಪ್ಪು ಅಂತ ಇಬ್ಬರಿಗೂ ಹೇಳಿದೆ. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಉಸಿರಿನ ಸದ್ದು ಕೇಳಿಸಿದರೆ ತಾಳ ಹಾಕುವ ಕೈ ನಿಲ್ಲಿಸಿ ಕಣ್ಣು ಬಿಡುತ್ತಿದ್ದರು. ಎಲ್ಲಿ ಉಸಿರು ತೆಗೆದುಕೊಂಡೆ ಅಂತ ಎದುರಿಗಿದ್ದವರಿಗೆ ಗೊತ್ತೇ ಆಗಬಾರದು, ಅದೇ ಪಾಠ. ಇಂಥದನ್ನು ರೆಕಾರ್ಡಿನಲ್ಲಿ ಬಿಟ್ಟಿದ್ದಾರಲ್ಲ, ಯಾರೂ ಕೇಳುವವರಿರಲಿಲ್ಲವೇ ಅಂದೆ. ಜಪಾನಿ ಹುಡುಗಿ ನನ್ನನ್ನು ತುಸು ಮರುಕದಿಂದ ನೋಡಿದಳು. ಮಕ್ಕಳ ಮಾತೆಲ್ಲ ಇಂಗ್ಲಿಷಿನಲ್ಲೇ.

"ಅವಳಿಗೆ ಸಿಗೋದು ಇದೊಂದೇ, ಆಂಟಿ. ಅದಕ್ಕೇ ನಾವು ಪೂರ್ತಿ ಕೇಳಿಸ್ಕೋಬೇಕು" ಅಂದಳು.

ಮಗಳು ತಲೆಯಾಡಿಸಿದಳು. ನನಗೆ ನಗು ಬಂತು. ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದೆ.

ಸೆಪ್ಟೆಂಬರಿನಲ್ಲಿ ನಮ್ಮ ಕನ್ನಡ ಕೂಟದಿಂದ ಫೋನ್ ಬಂತು. ನವೆಂಬರಿನಲ್ಲಿ ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ರಾಜ್ಯೋತ್ಸವ, ಮಕ್ಕಳಿಗೆ ಒಂದು ಹಾಡು ಹೇಳಿಕೊಡಬೇಕು. ಕುಣಿಯುವಷ್ಟು ಖುಷಿಯಾಯಿತು. ಆದರೂ ಯೋಚಿಸಿ ಹೇಳುತ್ತೇನೆ ಅಂತ ಸ್ವಲ್ಪ ಬಿಗುಮಾನ ತೋರಿಸಿದೆ. ಹೆಸರು ಕೊಟ್ಟ ಮಕ್ಕಳು ಹನ್ನೊಂದು. ಆ ಸಂಖ್ಯೆ ಕೇಳಿದ್ದೇ ಸೋಫಾದ ಮೇಲೆ ಬಿದ್ದಿದ್ದ ಬಣ್ಣದ ಹಾಳೆಯ ಕಡೆ ನನ್ನ ಕಣ್ಣು ಹೋಯಿತು. ಬಾಯಲ್ಲಿ ಎಷ್ಟು ಬೈದರೂ ಆ ಉಪಾಯ ನನಗೆ ಹಿಡಿಸಿತ್ತು. ನಾನೇ ಕೂತು ಒಂದು ಹಾಡು ಹೊಸೆದೆ. ಕರ್ನಾಟಕದ ಹನ್ನೊಂದು ನದಿಗಳು, ಒಂದೊಂದು ಮಗುವೂ ಒಂದೊಂದು ನದಿ, ಎಲ್ಲರೂ ಸೇರಿ ಹಾಡುವ ಪಲ್ಲವಿ ಒಂದು. ಯಾರ ಸಾಲು ಯಾವುದು ಅಂತ ಕ್ರೇಯಾನಿನಲ್ಲಿ ಬಣ್ಣ ಬಣ್ಣವಾಗಿ ಬರೆದು ಹನ್ನೊಂದು ಜೆರಾಕ್ಸ್ ತೆಗೆಸಿದೆ. ಜೆರಾಕ್ಸ್ ಕಪ್ಪುಬಿಳುಪಿನಲ್ಲಿ ಬಂತು. ಮತ್ತೆ ಕೂತು ಹನ್ನೊಂದಕ್ಕೂ ಬಣ್ಣ ಹಚ್ಚಿದೆ.

ಹಾಡು ಹೊಸೆಯುವುದು ಸುಲಭವಾಗಿತ್ತು. ಹಂಚುವುದು ಇದೆಯಲ್ಲ, ಅಂತರರಾಜ್ಯ ಜಲವಿವಾದವೇ ವಾಸಿ. ನಾಲ್ವರು ತಾಯಂದಿರು ತಮ್ಮ ಮಗುವಿಗೇ ಕಾವೇರಿ ಬೇಕು ಅಂತ ಪಟ್ಟು ಹಿಡಿದರು. ಧಾರವಾಡದ ಕಡೆಯ ಒಬ್ಬರು ಮಾತ್ರ "ನಮ್ಮ ಹುಡುಗ್ಗ ಮಲಪ್ರಭಾ ಕೊಡ್ರಿ, ಸಾಕು" ಅಂದು ನನ್ನ ಜೀವ ಉಳಿಸಿದರು. ಮೈಸೂರಿನ ಸಾಬರ ಮನೆಯ ಮಗುವಿಗೆ ಕಪಿಲೆ, ಮಂಗಳೂರಿನವರಿಗೆ ನೇತ್ರಾವತಿ. ಹೀಗೆ ಅವರವರ ಊರು ನೋಡಿ ಹಂಚುತ್ತ ಬಂದೆ. ಕಾವೇರಿಯನ್ನು ಹಿಲ್ಸ್‌ಬರೋದ ಒಂದು ಹುಡುಗಿಗೆ ಕೊಟ್ಟೆ. ದೊಡ್ಡ ಕಂಠ, ತಂದೆ ಕಮಿಟಿಯಲ್ಲಿದ್ದರು. ಎರಡನೆಯದೂ ಒಂದು ಕಾರಣ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಮಗಳ ವಿಷಯದಲ್ಲಿ ಯೋಚಿಸುವುದೇ ಇರಲಿಲ್ಲ. ಹಾಡು ಹೇಳಿಕೊಡುವವಳು ತನ್ನ ಮಗುವನ್ನು ಮುಂದೆ ನಿಲ್ಲಿಸಿದರೆ ಜನ ಏನನ್ನುತ್ತಾರೆ ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ವಂತ ಮಕ್ಕಳು ಹಿಂದಿನ ಸಾಲು, ಕಟ್ಟಕಡೆಯ ಪಾತ್ರ, ಅದು ನಮ್ಮ ಕೂಟಗಳ ಅಲಿಖಿತ ಕಾನೂನು. ಅವಳಿಗೆ ಶಿಂಷೆಯನ್ನು ಕೊಟ್ಟೆ. ಮದ್ದೂರಿನಲ್ಲಿ ನನ್ನ ಅಜ್ಜಿಯ ಮನೆಯ ಹತ್ತಿರ ಹರಿಯುವ ನದಿ ಅದು. ಬೇಸಿಗೆಯಲ್ಲಿ ಪಾದ ಮುಳುಗಿದರೆ ಹೆಚ್ಚು. ಸಾಲೂ ಎಲ್ಲರದಕ್ಕಿಂತ ಚಿಕ್ಕದು: ಸದ್ದಿಲ್ಲದೆ ಬಂದವಳು, ನಾನು ಶಿಂಷೆ. ಕೊನೆಯ ಪಲ್ಲವಿಗೆ ಮುಂಚೆ ಬರುತ್ತದೆ.

ಅವಳು ಮುಖ ಊದಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಾಳೆ ನೋಡಿದವಳೇ ಓಡಿಹೋಗಿ ಡಬ್ಬಿಯಿಂದ ತಿಳಿಹಸಿರು ಕ್ರೇಯಾನ್ ತಂದು, ನಾನು ಹಚ್ಚಿದ್ದ ಕಂದು ಬಣ್ಣದ ಮೇಲೆ ತಿಕ್ಕಿದಳು. ಆಮೇಲೆ, ತನ್ನ ಸಾಲಿಗೆ ಮುಂಚೆ ತಬಲ ನಿಲ್ಲಿಸೋಕಾಗುತ್ತಾ ಅಂತ ಕೇಳಿದಳು. ಸಂಗೀತದ ಬಗ್ಗೆ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಹೊಟ್ಟೆನೋವಿನ ಹುಡುಗಿ ಇಷ್ಟು ಕೇಳಿದಳಲ್ಲ ಅಂತ ಕೂಟದಲ್ಲಿ ತಬಲ ನುಡಿಸುವ ಅಂಕಲ್‌ಗೆ ಹೇಳಿ ಆ ಏರ್ಪಾಡು ಮಾಡಿದೆ. ಮೂಲ ಎಲ್ಲಿಯದು ಅಂತ ನನಗೆ ಗೊತ್ತಿತ್ತು. ಪಾಪ, ಸಿಕ್ಕಿದ್ದರಲ್ಲೇ ಸಮಾಧಾನಪಟ್ಟುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅವಳಿಗೆ ಬೇಕಾಗಿದ್ದದ್ದೇ ಅದು ಅಂತ ನನಗೆ ಹೊಳೆಯಲೇ ಇಲ್ಲ.

ಎಂಟು ಭಾನುವಾರ ಈಸ್ಟ್ ಬ್ರನ್ಸ್‌ವಿಕ್‌ನ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸು ನಡೆಯಿತು. ಮೇಲೆ ತಾಯಂದಿರ ಮಾತು, ಕೆಳಗೆ ನಮ್ಮ ನದಿಗಳು. ನಾನು ಕಲಿಸುವ ರೀತಿ ನನ್ನ ಮೇಷ್ಟ್ರ ರೀತಿ. ಮಗು ಹಾಡುವಾಗ ಜೊತೆಗೆ ನಾನೂ ಹಾಡುವುದು, ಅದು ಎಡವಿದ ಕಡೆ ನನ್ನ ದನಿ ಹಿಡಿದುಕೊಳ್ಳಲಿ ಅಂತ. ಹನ್ನೊಂದೂ ಮಕ್ಕಳ ಸಾಲನ್ನು ಎಂಟೂ ವಾರ ನಾನು ಹಾಡಿದೆ. ಮಗಳ ದನಿಯೊಂದನ್ನೇ ಬಿಡಿಯಾಗಿ ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ. ಅವಳು ಸಂಜೆ ಗೆಳತಿಯನ್ನು ಬಿಟ್ಟುಬರುವ ನೆಪದಲ್ಲಿ ಹನ್ನೊಂದನೇ ಮಹಡಿಗೆ ಹೋಗಿ ಅವಳ ಎದುರು ನಿಂತು ದಿನಾ ಅಭ್ಯಾಸ ಮಾಡುತ್ತಿದ್ದಳು ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಕಾರ್ಯಕ್ರಮಕ್ಕೆ ಜಪಾನಿ ತಾಯಿ ಮಗಳನ್ನೂ ಕರೆದುಕೊಂಡು ಹೋದೆವು. ಮೂರನೇ ಸಾಲಿನಲ್ಲಿ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸ್ವಾಗತ ಭಾಷಣ, ದೀಪ, ಮತ್ತೊಂದು ಸ್ವಾಗತ ಭಾಷಣ ಎಲ್ಲವನ್ನೂ ಆಕೆ ಅರ್ಥವಾದವಳಂತೆ ಕೇಳಿದರು, ನಮ್ಮವರು ಹಿಂದೆ ನಿಂತು ಕಾಫಿಯ ವಿಚಾರ ಮಾತಾಡುತ್ತಿದ್ದರು. ನಮ್ಮ ಸರದಿ ಬಂತು. ಮಕ್ಕಳಿಗೆ ಎರಡು ಮೈಕು, ವೇದಿಕೆಯ ಪಕ್ಕದಲ್ಲಿ ನನಗೊಂದು. ಅದನ್ನು ಸಪೋರ್ಟ್ ಮೈಕ್ ಅನ್ನುತ್ತಿದ್ದರು. ಪಲ್ಲವಿಗೆ ಮಾತ್ರ ದನಿ ಕೊಡುತ್ತೇನೆ, ಸಾಲುಗಳನ್ನು ಮಕ್ಕಳಿಗೇ ಬಿಡುತ್ತೇನೆ ಅಂತ ನಿಶ್ಚಯಿಸಿಕೊಂಡಿದ್ದೆ.

ಹಾಗೇ ಮಾಡಿದೆ ಕೂಡ. ಹತ್ತು ನದಿಗಳು ತಾವಾಗಿಯೇ ಹರಿದವು. ಕಾವೇರಿ ಅರ್ಧ ಸಾಲು ಮರೆತು ಉಳಿದರ್ಧವನ್ನು ಎರಡು ಸಲ ಹಾಡಿದಳು, ನಾನು ತುಟಿ ಬಿಚ್ಚಲಿಲ್ಲ. ಮಲಪ್ರಭೆ ಶ್ರುತಿ ಬಿಟ್ಟು ಪಕ್ಕದ ತಾಲೂಕಿಗೆ ಹೋಗಿಬಂದ, ಅದಕ್ಕೂ ಸುಮ್ಮನಿದ್ದೆ. ಆಮೇಲೆ ತಬಲ ನಿಂತಿತು. ಹಿಂದಿನ ಸಾಲಿನ ತುದಿಯಲ್ಲಿದ್ದ ಮಗಳು ಎರಡು ಹೆಜ್ಜೆ ಮುಂದೆ ಬಂದು ಮೈಕಿನ ಎದುರು ನಿಂತಳು. ಆಡಿಟೋರಿಯಂ ಪೂರ್ತಿ ನಿಶ್ಶಬ್ದ. ಅವಳ ಭುಜ ಮೇಲೇರಿತು. ಉಸಿರೆಳೆದುಕೊಂಡ ಸದ್ದು ಮೈಕಿನಲ್ಲಿ ಕೇಳಿಸಿತು. ಮರೆತಳು, ಹೆದರಿದಳು, ಇನ್ನೇನು ಅತ್ತುಬಿಡುತ್ತಾಳೆ ಅನ್ನಿಸಿತು. ಇಷ್ಟು ಯೋಚನೆ ಬಂತೋ ಅಥವಾ ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ನನ್ನ ಬಾಯಿ ತೆರೆದುಕೊಂಡಿತು. "ಸದ್ದಿಲ್ಲದೆ ಬಂದವಳು, ನಾನು ಶಿಂಷೆ" ಅಂತ ಹನ್ನೊಂದು ವರ್ಷ ಪಳಗಿದ ಕಂಠದಲ್ಲಿ, ಕೊನೆಯಲ್ಲಿ ಒಂದು ಸಣ್ಣ ಗಮಕ ಬೇರೆ ಸೇರಿಸಿ, ನಾನೇ ಹಾಡಿಬಿಟ್ಟೆ.

ಮಗಳ ಬಾಯಿ ಅರ್ಧ ತೆರೆದದ್ದು ಹಾಗೇ ಮುಚ್ಚಿತು. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ ತನ್ನ ಜಾಗದಲ್ಲಿ ನಿಂತು, ಪಲ್ಲವಿಯನ್ನು ಎಲ್ಲರ ಜೊತೆ ಮುಗಿಸಿದಳು. ಜೋರು ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಹಿರಿಯರೊಬ್ಬರು ನನ್ನ ಕಂಠವನ್ನು ಹೊಗಳಿ, ಇಂಥವರು ನಮ್ಮ ಮಧ್ಯೆ ಇರುವುದು ನಮ್ಮ ಪುಣ್ಯ ಅಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹಿತವಾಗಿತ್ತು.

ವಾಪಸ್ಸು ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಜಪಾನಿ ತಾಯಿಯ ಎರಡೂ ಪಕ್ಕ ಮಕ್ಕಳು. ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಮೇಲೆ ಜಪಾನಿ ಹುಡುಗಿ ಕೇಳಿದಳು.

"ಆಂಟಿ, ಅವಳ ಲೈನ್ ನೀವ್ಯಾಕೆ ಹಾಡಿದ್ರಿ?"

ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ನನಗೆ ಮೈ ಉರಿಯಿತು. ಅವಳು ತಡಮಾಡಿದಳು, ಹಾಡು ನಿಂತುಹೋಗುತ್ತಿತ್ತು, ನಾನು ಕಾಪಾಡಿದೆ ಅಂದೆ. ಆ ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

"ತಡ ಮಾಡಲಿಲ್ಲ ಆಂಟಿ. ಉಸಿರು ತಗೊಂಡಳು. ತಿಳಿಹಸಿರು ಹುಡುಗಿ ತಗೋತಾಳಲ್ಲ, ಹಾಗೆ. ಪ್ರಾಕ್ಟೀಸಲ್ಲಿ ಇವಳೂ ದಿನಾ ಅಲ್ಲೇ ತಗೋತಾಳೆ."

ಅವಳ ಅಮ್ಮ ಜಪಾನಿಯಲ್ಲಿ ಮೆಲ್ಲಗೆ ಏನೋ ಅಂದು ಮಗಳನ್ನು ಸುಮ್ಮನಾಗಿಸಿದರು. ಕನ್ನಡಿಯಲ್ಲಿ ನನ್ನ ಮಗಳು ಕಿಟಕಿಯ ಹೊರಗೆ ನೋಡುತ್ತಿರುವುದು ಕಾಣಿಸಿತು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು. ಸಮಾಧಾನ ಮಾಡುವುದು ನನಗೆ ಬರುತ್ತದೆ.

ಮನೆಗೆ ಬಂದು ತಪ್ಪಾಯಿತು ಅನ್ನಬೇಕಿತ್ತು. ಅದರ ಬದಲು ಮರುದಿನ ಒಬ್ಬಟ್ಟು ಮಾಡಿದೆ. ನಮ್ಮಮ್ಮ ಬೈದ ಮರುದಿನ ಏನಾದರೂ ಸಿಹಿ ಮಾಡುತ್ತಿದ್ದರು, ನಾವದನ್ನು ಕ್ಷಮಾಪಣೆ ಅಂತ ತಿಳಿದುಕೊಳ್ಳುತ್ತಿದ್ದೆವು. ಮಗಳು ಎರಡು ಒಬ್ಬಟ್ಟು ತಿಂದು, ತಟ್ಟೆ ತೊಳೆದಿಟ್ಟು, "ಇಟ್ಸ್ ಫೈನ್, ಅಮ್ಮ" ಅಂದಳು. ಅವಳಿಗೆ ಸಿಹಿಯ ಆ ಭಾಷೆ ಗೊತ್ತಿರಲಿಲ್ಲ, ನನಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಕಾರ್ಯಕ್ರಮದ ವಿಡಿಯೋ ಕ್ಯಾಸೆಟ್ ಬಂದಾಗ ಒಂದು ಮಧ್ಯಾಹ್ನ ಒಬ್ಬಳೇ ಹಾಕಿಕೊಂಡು ನೋಡಿದೆ. ಉಸಿರು ಕೇಳಿಸುತ್ತದೆ. ಮಗಳ ಮುಖ ನೇರವಾಗಿ ಕಾಣುತ್ತದೆ, ಹೆದರಿಕೆಯ ಸುಳಿವೂ ಇಲ್ಲ, ಕಣ್ಣಲ್ಲಿ ಸಣ್ಣ ನಗುವಿದೆ. ಅಷ್ಟರಲ್ಲಿ ಎಲ್ಲಿಂದಲೋ ನನ್ನ ದನಿ ಬಂದು ಬೀಳುತ್ತದೆ. ಕ್ಯಾಸೆಟ್ ತೆಗೆದು ಅಲಮಾರಿನ ಹಿಂಭಾಗಕ್ಕೆ ತಳ್ಳಿದೆ.

ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಜಪಾನಿ ಹಾಡು ಕೇಳಿಸಲಿಲ್ಲ. ಮಕ್ಕಳು ಹನ್ನೊಂದನೇ ಮಹಡಿಯಲ್ಲಿ ಆಡತೊಡಗಿದರು. ಶ್ರುತಿಪೆಟ್ಟಿಗೆ ತೆಗೆದರೆ ಮಗಳು ಬಂದು ಕೂರುತ್ತಿದ್ದಳು, ಹೊಟ್ಟೆನೋವಿನ ನೆಪ ಹೇಳುತ್ತಿರಲಿಲ್ಲ. ತುಟಿಯನ್ನೂ ಆಡಿಸುತ್ತಿರಲಿಲ್ಲ. ಬೈಯುವುದಕ್ಕೆ ಬಾಯಿ ಬರಲಿಲ್ಲ ನನಗೆ. ಒಂದು ದಿನ ಪೆಟ್ಟಿಗೆ ಮುಚ್ಚಿ ಬೀರುವಿನ ಮೇಲಿಟ್ಟೆ. ಯಾಕೆ ಅಂತ ಅವಳು ಕೇಳಲಿಲ್ಲ.

ಮೂರು ವರ್ಷದ ಅವಧಿ ಮುಗಿದು, ಮಾರ್ಚ್ ಕೊನೆಗೆ ಹನ್ನೊಂದನೇ ಮಹಡಿಯವರು ಜಪಾನಿಗೆ ಹೊರಟರು. ಆಕೆ ನನಗೆ ಒಂದು ಡಜನ್ ಟವೆಲ್ಲು ಕೊಟ್ಟರು, ಅಂಗಡಿಯವರ ಹಾಗೆ ಮಡಿಸಿ. ನಾನು ಒಂದು ಡಬ್ಬಿ ತುಂಬ ಚಕ್ಕುಲಿ ಕೊಟ್ಟೆ. ಲಾಬಿಯಲ್ಲಿ ಮಕ್ಕಳಿಬ್ಬರೂ ಕೈ ಹಿಡಿದುಕೊಂಡು ನಿಂತಿದ್ದರು, ಒಬ್ಬರಾದರೂ ಅಳಲಿಲ್ಲ. ಬಣ್ಣದ ಹಾಳೆಯ ಸಮೇತ ಸಿಡಿಯನ್ನು ಆ ಹುಡುಗಿ ಮಗಳಿಗೆ ಬಿಟ್ಟುಹೋದಳು. ಟ್ಯಾಕ್ಸಿ ಹತ್ತುವ ಮುಂಚೆ ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ಒಂದು ಆಡಿಯೋ ಕ್ಯಾಸೆಟ್ ನೀಡಿ, "ಇದು ಆಂಟಿಗೆ" ಅಂದಳು. ಮೇಲಿನ ಚೀಟಿಯಲ್ಲಿ ಏನೂ ಬರೆದಿರಲಿಲ್ಲ, ತಿಳಿಹಸಿರು ಕ್ರೇಯಾನಿನ ಒಂದು ಗೆರೆ ಮಾತ್ರ ಇತ್ತು.

ಆ ಭಾನುವಾರ ಯುಗಾದಿ ಕಾರ್ಯಕ್ರಮದ ಪ್ರಾಕ್ಟೀಸಿಗೆ ಈಸ್ಟ್ ಬ್ರನ್ಸ್‌ವಿಕ್‌ಗೆ ಹೊರಟಿದ್ದೆ. ಅಷ್ಟು ಹೊತ್ತಿಗೆ ನಾನೂ ಲೈಸೆನ್ಸ್ ತೆಗೆದುಕೊಂಡಿದ್ದೆ. ಮಗಳು ಆ ಸಲ ಹಾಡಿಗೆ ಹೆಸರು ಕೊಟ್ಟಿರಲಿಲ್ಲ. ಗಂಡನಿಗೆ ಆಫೀಸಿನ ಕೆಲಸವಿತ್ತು, ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ ಅಂತ ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಪರ್ಸಿನಲ್ಲಿದ್ದ ಕ್ಯಾಸೆಟ್ ನೆನಪಾಗಿ, ಕಾರಿನ ಪ್ಲೇಯರಿಗೆ ಹಾಕಿದೆ.

ಮೊದಲು ಆ ಹನ್ನೊಂದು ಹುಡುಗಿಯರ ಹಾಡು. ಆದರೆ ಹಾಡುತ್ತಿದ್ದವರು ಇಬ್ಬರೇ. ವಾದ್ಯವಿಲ್ಲ, ಯಾರೋ ಪಾತ್ರೆಯ ಮೇಲೆ ತಾಳ ಹಾಕುತ್ತಿದ್ದಾರೆ. ಕೆಂಪು, ನೀಲಿ, ಹಳದಿ ಎಲ್ಲ ಜಪಾನಿ ಹುಡುಗಿಯ ದನಿ. ನನ್ನ ಮಗಳು ಪಲ್ಲವಿಗೆ ಮಾತ್ರ ಸೇರುತ್ತಿದ್ದಳು. ತಾಳ ನಿಂತಿತು. ಉಸಿರು ಕೇಳಿಸಿತು. ಅರ್ಥವಾಗದ ಆ ಸಾಲನ್ನು ನನ್ನ ಮಗಳು ಹಾಡಿದಳು. ತೆಳ್ಳಗಿನ ದನಿ, ಒಂದಿಷ್ಟೂ ನಡುಗಲಿಲ್ಲ. ಶ್ರುತಿ ನೆಟ್ಟಗಿತ್ತು. ಈ ದನಿಯನ್ನು ನಾನು ಒಂಬತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ನಗು, ಜಪಾನಿಯಲ್ಲಿ ಎರಡು ಮಾತು, ಮತ್ತೆ ತಾಳ ಶುರುವಾಯಿತು. ಈ ಸಲ ನನ್ನ ಹಾಡು, ನದಿಗಳದ್ದು. ಕಾವೇರಿಯಿಂದ ಹಿಡಿದು ಮಲಪ್ರಭೆಯವರೆಗೆ ಹತ್ತೂ ನದಿಗಳನ್ನು ಆ ಜಪಾನಿ ಮಗು ಕನ್ನಡದಲ್ಲಿ ಹಾಡಿತು. ಗೆಳತಿಗೆ ಕೊನೆಯ ಒಂದು ಸಾಲು ಸಿಗಲಿ ಅಂತ ಅಷ್ಟೂ ಕಲಿತಿತ್ತು.

ತಾಳ ನಿಂತಿತು. ಉಸಿರು. ಸ್ಟೀರಿಂಗ್ ಹಿಡಿದಿದ್ದ ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು.

"ಅಮ್ಮಾ, ನೀನು ಹಾಡ್ಬೇಡ" ಅಂದಳು ಹಿಂದಿನಿಂದ. ಕನ್ನಡದಲ್ಲೇ ಅಂದಳು.

ನಾನು ಹಾಡಲಿಲ್ಲ. ಸದ್ದಿಲ್ಲದೆ ಬಂದವಳು, ನಾನು ಶಿಂಷೆ. ನನ್ನ ಗಮಕವಿಲ್ಲದೆ, ನೇರವಾಗಿ, ಮದ್ದೂರಿನ ನೀರಿನ ಹಾಗೆ ಆ ಸಾಲು ಬಂದು ಮುಗಿಯಿತು. ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದೆ. ಕಣ್ಣು ಒರೆಸಿಕೊಂಡು ಹಿಂದೆ ತಿರುಗಿದೆ. ನಿನ್ನ ಸಾಲು ನಾನು ಹಾಡಿಬಿಟ್ಟೆ, ತಪ್ಪಾಯಿತು ಅಂದೆ. ಐದು ತಿಂಗಳು ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೇಳಿ ಮುಗಿಸಲು ಅರ್ಧ ನಿಮಿಷ ಬೇಕಾಗಲಿಲ್ಲ. ಅವಳು ಪುಸ್ತಕದ ಹಾಳೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಆಮೇಲೆ, ಯುಗಾದಿಗೂ ನಿನಗೊಂದು ಮೈಕ್ ಇರುತ್ತಾ ಅಂತ ಕೇಳಿದಳು.

"ಇಲ್ಲ" ಅಂದೆ.

"ಮತ್ತೆ ಎಲ್ಲಿರ್ತೀಯ?"

"ಜನರ ಜೊತೆ. ಮೂರನೇ ಸಾಲಲ್ಲಿ."

ಅದನ್ನು ಹೇಳಿದಷ್ಟು ಸುಲಭವಾಗಿ ಮಾಡಲಾಗಲಿಲ್ಲ. ಕಮಿಟಿಯವರು ಟೀಚರೇ ಪಕ್ಕದಲ್ಲಿಲ್ಲದಿದ್ದರೆ ಮಕ್ಕಳು ಹೇಗೆ ಹಾಡುತ್ತಾರೆ ಅಂತ ಗಾಬರಿಪಟ್ಟರು. ಇಬ್ಬರು ತಾಯಂದಿರು, ಇವಳಿಗೆ ಜಂಬ ಬಂದಿದೆ ಅಂದರಂತೆ. ಉಳಿದ ಎರಡು ಪ್ರಾಕ್ಟೀಸಿನಲ್ಲಿ ನಾನು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದೆ. ಹೊಸ ಹಾಡಿಗೆ ಮಗಳೂ ಸೇರಿ, ಅದರಲ್ಲೂ ಒಂದೇ ಸಾಲು ಕೇಳಿ ತೆಗೆದುಕೊಂಡಳು, ಕೊನೆಯದು. ಹೆಚ್ಚು ಕೊಡುತ್ತೇನೆ ಅಂದರೂ ಬೇಡ ಅಂದಳು. ಹಾಳೆಗೆ ತಾನೇ ಬಣ್ಣ ಹಚ್ಚಿಕೊಂಡಳು, ಯಾವ ಬಣ್ಣ ಅಂತ ನಾನು ಕೇಳಬೇಕಾಗಲಿಲ್ಲ.

ಯುಗಾದಿ ಕಾರ್ಯಕ್ರಮದ ದಿನ, ಹೋದ ಸಲ ಜಪಾನಿ ತಾಯಿ ಮಗಳು ಕೂತಿದ್ದಂತೆ ಮೂರನೇ ಸಾಲಿನಲ್ಲಿ ಕೂತೆ. ಪಕ್ಕದ ಎರಡು ಸೀಟು ಖಾಲಿ ಇದ್ದವು, ಯಾರೋ ಬಂದು ಕೂರಲು ನೋಡಿದಾಗ ಜನ ಇದ್ದಾರೆ ಅಂತ ಸುಳ್ಳು ಹೇಳಿದೆ. ಹಾಡಿನ ಮಧ್ಯೆ ಮಕ್ಕಳು ಒಂದು ಕಡೆ ಎಡವಿ, ತಾವೇ ಸರಿಮಾಡಿಕೊಂಡರು. ತಬಲ ನಿಂತಿತು. ಮಗಳು ಎರಡು ಹೆಜ್ಜೆ ಮುಂದೆ ಬಂದಳು. ನನ್ನ ಕೈ ತಾನಾಗಿ ನನ್ನ ಬಾಯಿ ಮುಚ್ಚಿತು. ಅವಳು ಉಸಿರೆಳೆದುಕೊಂಡಳು. ಮೂರನೇ ಸಾಲಿನವರೆಗೂ ಕೇಳಿಸಿತು.